ಅಲಗು ಆಮ್ಲಕ್ಕಿಳಿದಾಗ

ಕುಲುಮೆಯಲ್ಲಿ ಕಾಯಿಸಿ ಬಡಿದು, ಹದ ಹಾಕಿ, ಸಾಣೆ ಹಿಡಿದು, ಕೊನೆಗೆ ನಯವಾದ ಉಪ್ಪುಕಾಗದದಲ್ಲಿ ಮುಖ ಕಾಣುವಷ್ಟು ತಿಕ್ಕಿದ ಚಾಕುವಿನ ಅಲಗು ಅದು. ಎಲ್ಲಿ ನೋಡಿದರೂ ಒಂದೇ ಬಣ್ಣ, ಒಂದೇ ಹೊಳಪು. ಅದನ್ನು ಕಂದು ಬಣ್ಣದ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕೆಲವು ನಿಮಿಷ ಮುಳುಗಿಸಿ, ತೆಗೆದು ತೊಳೆದರೆ ಉದ್ದಕ್ಕೂ ಒಂದೇ ಸಮನಾದ ಬೂದು ಬಣ್ಣ ಬರಬೇಕು. ಬೂದು ಬಣ್ಣವೇನೋ ಬಂತು. ಆದರೆ ಮೊನೆಯಿಂದ ಒಂದಿಂಚು ಹಿಂದೆ, ಬಾಯಿಗೆ ತಾಗಿಕೊಂಡೇ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಕಪ್ಪು ಕಲೆಯೊಂದು ಎದ್ದಿದೆ. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಉಪ್ಪುಕಾಗದದಲ್ಲಿ ಪೂರ್ತಿ ತಿಕ್ಕಿ ತೆಗೆದು ಮತ್ತೆ ಮುಳುಗಿಸಿದರೆ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಮತ್ತೆ ಏಳುತ್ತದೆ.

ಚಾಕು ಮಾಡುವ ಹವ್ಯಾಸಿಗಳು ಇಂಥ ಕಲೆ ಕಂಡರೆ ಮೊದಲು ದ್ರಾವಣವನ್ನು ಬೈಯುತ್ತಾರೆ. ಆದರೆ ಕಲೆ ಹುಟ್ಟಿದ್ದು ಸಾಣೆಯ ಮುಂದೆ. ಹದ ಹಾಕಿದ ಉಕ್ಕು ಗಟ್ಟಿಯಾಗಿರುತ್ತದೆ, ಜೊತೆಗೆ ಗಾಜಿನ ಹಾಗೆ ಪೆಡಸಾಗಿಯೂ ಇರುತ್ತದೆ. ಹಾಗಾಗಿ ಅದನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಇನ್ನೊಮ್ಮೆ ಕಾಯಿಸಿ ಪೆಡಸುತನ ಇಳಿಸುತ್ತಾರೆ. ಇದಾದ ಮೇಲೆ ಬೆಲ್ಟ್ ಗ್ರೈಂಡರಿಗೆ ಹಿಡಿದು ಬಾಯಿ ತೆಳುವಾಗಿಸುವಾಗ, ಮೊನೆಯ ಹತ್ತಿರ ಲೋಹ ತೀರ ತೆಳುವಾಗಿರುವುದರಿಂದ ಉಜ್ಜಾಟದ ಬಿಸಿಗೆ ಹರಿದುಹೋಗಲು ದಾರಿ ಇರುವುದಿಲ್ಲ. ಒಂದೆರಡು ಸೆಕೆಂಡು ಹೆಚ್ಚಿಗೆ ಒತ್ತಿ ಹಿಡಿದರೆ ಅಲ್ಲಿ 300 ಡಿಗ್ರಿ ದಾಟಿಬಿಡುತ್ತದೆ, ಉಕ್ಕಿನ ಮೇಲೆ ನೀಲಿ ಛಾಯೆ ಮೂಡುತ್ತದೆ. ಆ ನೀಲಿ ಬರೀ ಆಕ್ಸೈಡಿನ ತೆಳು ಪೊರೆ, ತಿಕ್ಕಿದರೆ ಮಾಯ. ಒಳಗೆ ಹದ ಇಳಿದುಹೋದದ್ದು ಮಾತ್ರ ತಿಕ್ಕಿದರೆ ಹೋಗುವಂಥದ್ದಲ್ಲ. ಕಣ್ಣಿಗೆ ಕಾಣದೆ ಉಳಿದ ಆ ಮೆತ್ತನೆಯ ಜಾಗವನ್ನು ಆಮ್ಲ ಗುರುತಿಸಿ ತೋರಿಸಿದೆ. ಆ ಚಾಕುವಿನ ಮೊನೆ ನಾಲ್ಕು ದಿನದ ಕೆಲಸಕ್ಕೇ ಮೊಂಡಾಗುತ್ತದೆ.

ದೊಡ್ಡ ಕಾರ್ಖಾನೆಗಳು ಇದೇ ಗುಣವನ್ನು ಉದ್ದೇಶಪೂರ್ವಕವಾಗಿ ಬಳಸಿಕೊಳ್ಳುತ್ತವೆ. ವಿಮಾನದ ಗೇರು, ಬೇರಿಂಗುಗಳಂಥ ಬಿಡಿಭಾಗಗಳಿಗೆ ಸಾಣೆ ಹಿಡಿದ ಮೇಲೆ ತೆಳುವಾದ ನೈಟ್ರಿಕ್ ಆಮ್ಲದಲ್ಲಿ ಅದ್ದಿ ಪರೀಕ್ಷೆ ಮಾಡುವುದು ಅಲ್ಲಿ ರೂಢಿ. ಕಪ್ಪು ಕಲೆ ಎದ್ದರೆ ಅಲ್ಲಿ ಸಾಣೆಯ ಬಿಸಿಗೆ ಹದ ಇಳಿದಿದೆ ಎಂದರ್ಥ. ಕಪ್ಪಿನ ನಡುವೆ ಬಿಳಿ ಕಲೆ ಕಂಡರೆ ಇನ್ನೂ ಕೆಟ್ಟದ್ದು: ಅಲ್ಲಿ ಉಕ್ಕು ಕೆಂಪಗೆ ಕಾದು, ಸುತ್ತಲಿನ ತಣ್ಣನೆಯ ಲೋಹಕ್ಕೆ ತಟ್ಟನೆ ಬಿಸಿ ಬಿಟ್ಟುಕೊಟ್ಟು, ಮತ್ತೆ ಪೆಡಸಾಗಿದೆ. ಅಂಥ ಜಾಗದಲ್ಲೇ ಬಿರುಕು ಶುರುವಾಗುವುದು. ಕೈಯಲ್ಲಿ ಚಾಕು ಮಾಡುವವರು ಹೀಗೆ ಆಮ್ಲದಲ್ಲಿ ತಿನ್ನಿಸುವ ಎಚಿಂಗನ್ನು ಹೆಚ್ಚಾಗಿ ಅಲಂಕಾರ ಎಂದೇ ತಿಳಿಯುತ್ತಾರೆ. ನನ್ನ ಮಟ್ಟಿಗೆ ಅದು ಮೊದಲು ಪರೀಕ್ಷೆ, ಆಮೇಲೆ ಅಲಂಕಾರ. ಎಣಿಸಿದ್ದು ಬರದೆ ಬೇರೇನೋ ಬಂದಾಗ ಅದರ ಬೆಲೆ ಇನ್ನೂ ಹೆಚ್ಚು.

ಆಮ್ಲ ಹೇಗೆ ಆರಿಸುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಉಕ್ಕು ಎಂದರೆ ಕಬ್ಬಿಣ, ಅದರೊಳಗೆ ಶೇಕಡಾ ಒಂದರ ಆಸುಪಾಸು ಇಂಗಾಲ. ಚಾಕುವಿನ ಉಕ್ಕನ್ನು ಕೆಂಪಗೆ ಕಾಯಿಸಿದಾಗ ಇಂಗಾಲ ಕಬ್ಬಿಣದ ಹರಳುಗಳೊಳಗೆ ಕರಗುತ್ತದೆ. ನಿಧಾನವಾಗಿ ತಣಿಸಿದರೆ ಅದು ಹೊರಬಂದು, ಕಬ್ಬಿಣದ ಜೊತೆ ಸೇರಿ ಸಿಮೆಂಟೈಟ್ ಎಂಬ ಗಟ್ಟಿಯಾದ ಸಂಯುಕ್ತವಾಗುತ್ತದೆ. ಆಗ ಉಕ್ಕಿನೊಳಗೆ ಮೆತ್ತನೆಯ ಕಬ್ಬಿಣ, ಗಟ್ಟಿ ಸಿಮೆಂಟೈಟ್ ಒಂದರ ಪಕ್ಕ ಒಂದು ತೆಳು ಹಾಳೆಗಳಾಗಿ ಕೂರುತ್ತವೆ. ಅದಕ್ಕೆ ಪರ್ಲೈಟ್ ಎಂದು ಹೆಸರು. ಎಣ್ಣೆಗೋ ನೀರಿಗೋ ಅದ್ದಿ ತಟ್ಟನೆ ತಣಿಸಿದರೆ ಇಂಗಾಲಕ್ಕೆ ಹೊರಬರಲು ಪುರುಸೊತ್ತೇ ಇರುವುದಿಲ್ಲ, ಹರಳುಗಳೊಳಗೇ ಸಿಕ್ಕಿಬೀಳುತ್ತದೆ. ಅದು ಮಾರ್ಟೆನ್ಸೈಟ್, ಹರಿತ ಬಾಯಿಯ ಗುಟ್ಟು. ಆಮೇಲೆ ಹದವಾಗಿ ಕಾಯಿಸಿದಷ್ಟೂ ಮಾರ್ಟೆನ್ಸೈಟಿನಿಂದ ಇಂಗಾಲ ಅತಿ ಸಣ್ಣ ಕಣಗಳಾಗಿ ಹೊರಬರುತ್ತಾ ಹೋಗುತ್ತದೆ.

ಈಗ ಇದನ್ನು ಫೆರಿಕ್ ಕ್ಲೋರೈಡಿನಲ್ಲಿ ಮುಳುಗಿಸಿ. ದ್ರಾವಣದಲ್ಲಿರುವುದೂ ಕಬ್ಬಿಣವೇ, ಮೂರು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣದ ಅಯಾನುಗಳು. ಅಂಥ ಎರಡು ಅಯಾನುಗಳು ಸೇರಿ ಅಲಗಿನ ಒಂದು ಕಬ್ಬಿಣದ ಪರಮಾಣುವಿನಿಂದ ತಲಾ ಒಂದು ಎಲೆಕ್ಟ್ರಾನು ಕಿತ್ತುಕೊಳ್ಳುತ್ತವೆ. ಕೊನೆಗೆ ಮೂರೂ ಫೆರಸ್ ಅಯಾನುಗಳಾಗಿ ದ್ರಾವಣದಲ್ಲಿ ತೇಲುತ್ತವೆ. ಬಳಸಿದಷ್ಟೂ ದ್ರಾವಣ ಹಸಿರಿಗೆ ತಿರುಗುವುದು ಇದೇ ಕಾರಣಕ್ಕೆ. ಕಬ್ಬಿಣ ಸುಲಭವಾಗಿ ಎಲೆಕ್ಟ್ರಾನು ಬಿಟ್ಟುಕೊಡುತ್ತದೆ, ಸಿಮೆಂಟೈಟ್ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಒಂದೇ ದ್ರಾವಣದಲ್ಲಿ ಮುಳುಗಿ, ಒಂದಕ್ಕೊಂದು ತಾಗಿಕೊಂಡಿರುವ ಈ ಎರಡು ವಸ್ತುಗಳ ನಡುವೆ ಸೂಕ್ಷ್ಮವಾದ ವಿದ್ಯುತ್ ಕೋಶವೇ ಏರ್ಪಡುತ್ತದೆ. ಸಿಮೆಂಟೈಟ್ ಉಳಿಯುತ್ತದೆ, ಅದರ ಪಕ್ಕದ ಕಬ್ಬಿಣ ಬೇಗ ಬೇಗ ಕರಗುತ್ತದೆ. ಮಳೆಗಾಲದಲ್ಲಿ ಮಣ್ಣುದಾರಿಯ ಮಣ್ಣೆಲ್ಲ ಕೊಚ್ಚಿಹೋಗಿ ಜಲ್ಲಿಕಲ್ಲು ಮೇಲೆದ್ದು ನಿಲ್ಲುವ ಹಾಗೆ, ಅಲಗಿನ ಮೇಲೆ ಸಿಮೆಂಟೈಟ್ ಕಣಗಳು ಎದ್ದು ನಿಲ್ಲುತ್ತವೆ. ಈ ತಗ್ಗು ದಿಣ್ಣೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಇದ್ದರೂ ಸಾಕು, ಬೆಳಕು ಚದುರಿ ಆ ಜಾಗ ಕಪ್ಪಾಗಿ ಕಾಣುತ್ತದೆ. ಕರಗದೆ ಉಳಿದ ಇಂಗಾಲದ ಮಸಿಯೂ ಅದಕ್ಕೆ ಸೇರಿಕೊಳ್ಳುತ್ತದೆ. ಹದ ಇಳಿದ ಜಾಗದಲ್ಲಿ ಸಿಮೆಂಟೈಟ್ ಕಣಗಳು ಹೆಚ್ಚು ಹೊರಬಂದಿರುವುದರಿಂದ ಅಂಥ ಪುಟ್ಟ ಕೋಶಗಳೂ ಹೆಚ್ಚು, ಕಪ್ಪೂ ಹೆಚ್ಚು.

ಆಮ್ಲ ಹೀಗೆ ಅನಿರೀಕ್ಷಿತವಾಗಿ ಬಾಯಿಬಿಡಿಸಿದ ಲೋಹಗಳ ಕಥೆ ಹಳೆಯದು. 1804ರಲ್ಲಿ ಇಟಲಿಯ ನೇಪಲ್ಸಿನಲ್ಲಿ ನೆಲೆಸಿದ್ದ ಇಂಗ್ಲಿಷ್ ವಿಜ್ಞಾನಿ ವಿಲಿಯಂ ಥಾಮ್ಸನ್ ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್ ಕಡೆ ಸಿಕ್ಕಿದ್ದ ಉಲ್ಕೆಯ ಕಬ್ಬಿಣದ ತುಂಡಿನಿಂದ ತುಕ್ಕು ತೆಗೆಯಲು ನೈಟ್ರಿಕ್ ಆಮ್ಲ ಬಳಸಿದರು. ತುಕ್ಕು ಹೋಯಿತು. ಅದರ ಕೆಳಗೆ ಒಂದನ್ನೊಂದು ಓರೆಯಾಗಿ ದಾಟುವ ಪಟ್ಟಿಗಳ ವಿನ್ಯಾಸ ಕಾಣಿಸಿತು. ನಾಲ್ಕು ವರ್ಷ ಕಳೆದು ವಿಯೆನ್ನಾದಲ್ಲಿ ಅಲೋಯ್ಸ್ ಫಾನ್ ವಿಡ್ಮನ್‌ಸ್ಟೆಟನ್ ಇನ್ನೊಂದು ಉಲ್ಕೆಯ ಹೋಳನ್ನು ಬೆಂಕಿಯಲ್ಲಿ ಕಾಯಿಸಿದಾಗ ಅದೇ ವಿನ್ಯಾಸ ಬಣ್ಣಗಳಲ್ಲಿ ಕಂಡಿತು. ಆಮೇಲೆ ಅವರು ಆಮ್ಲದಲ್ಲಿ ತಿನ್ನಿಸಿದ ಹೋಳಿಗೇ ಮಸಿ ಬಳಿದು ಕಾಗದದ ಮೇಲೆ ಅಚ್ಚೊತ್ತಿದರು. ವಿನ್ಯಾಸಕ್ಕೆ ಹೆಸರು ಉಳಿದದ್ದು ವಿಡ್ಮನ್‌ಸ್ಟೆಟನ್ ಅವರದ್ದು. ಮೊದಲು ಕಂಡವರು ಥಾಮ್ಸನ್ ಎಂಬುದನ್ನು ಬಹಳ ಜನ ಮರೆತಿದ್ದಾರೆ, ಅದು ನನಗೆ ಅನ್ಯಾಯ ಎನಿಸುತ್ತದೆ. ಉಲ್ಕೆಯ ಕಬ್ಬಿಣದಲ್ಲಿ ನಿಕಲ್ ಇರುತ್ತದೆ. ನಿಕಲ್ ಕಡಿಮೆ ಇರುವ ಪಟ್ಟಿಗಳನ್ನು ಆಮ್ಲ ಬೇಗ ತಿನ್ನುತ್ತದೆ, ಹೆಚ್ಚು ಇರುವ ಅಂಚುಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಇಂಥ ಪಟ್ಟಿಗಳು ಬೆಳೆಯಬೇಕಾದರೆ ಲೋಹ ಹತ್ತು ಲಕ್ಷ ವರ್ಷಕ್ಕೆ ಕೆಲವು ನೂರು ಡಿಗ್ರಿಯಂಥ ಗತಿಯಲ್ಲಿ ತಣಿಯಬೇಕು. ಒಂದು ತುಕ್ಕು ತೆಗೆಯುವ ಕೆಲಸದಿಂದ ಕ್ಷುದ್ರಗ್ರಹಗಳ ಒಡಲು ಹೇಗೆ ತಣ್ಣಗಾಯಿತು ಎಂಬ ಲೆಕ್ಕಕ್ಕೆ ದಾರಿ ಸಿಕ್ಕಿತು.

ಇಂಗ್ಲೆಂಡಿನ ಶೆಫೀಲ್ಡ್ ಚಾಕು ಚೂರಿಗಳಿಗೆ ಹೆಸರಾದ ಊರು. ಅಲ್ಲಿಯ ಹೆನ್ರಿ ಕ್ಲಿಫ್ಟನ್ ಸಾರ್ಬಿ ಕಲ್ಲುಗಳನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದವರು. ಉಲ್ಕೆಗಳ ಮೂಲಕ ಅವರ ಗಮನ ಉಕ್ಕಿನತ್ತ ಹೊರಳಿ, 1863ರ ಹೊತ್ತಿಗೆ ನಯ ಮಾಡಿದ ಉಕ್ಕನ್ನು ತುಂಬ ತೆಳುವಾದ ನೈಟ್ರಿಕ್ ಆಮ್ಲದಲ್ಲಿ ತಿನ್ನಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮುತ್ತಿನ ಚಿಪ್ಪಿನ ಬಣ್ಣಗಳನ್ನು ಚೆಲ್ಲುವ ಭಾಗವೊಂದು ಅವರಿಗೆ ಕಾಣಿಸಿತು. ಪರ್ಲೈಟ್ ಎಂಬ ಹೆಸರು ಬಂದದ್ದು ಅದರಿಂದಲೇ. ಲೋಹದ ಒಳರಚನೆಯನ್ನು ಓದುವ ಶಾಸ್ತ್ರ ಹುಟ್ಟಿದ್ದು ಅಲ್ಲಿ. ಇವತ್ತಿಗೂ ಪ್ರತಿ ಎಂಜಿನಿಯರಿಂಗ್ ಕಾಲೇಜಿನ ಲೋಹಶಾಸ್ತ್ರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಮಾಡುವುದು ಸಾರ್ಬಿ ಮಾಡಿದ್ದನ್ನೇ. ಮದ್ಯಸಾರದಲ್ಲಿ ಶೇಕಡಾ ಎರಡರಷ್ಟು ನೈಟ್ರಿಕ್ ಆಮ್ಲ ಬೆರೆಸಿದ ನೈಟಾಲ್ ಎಂಬ ದ್ರವವನ್ನು ಹತ್ತಿಯಲ್ಲಿ ಅದ್ದಿ ಕೆಲವು ಸೆಕೆಂಡು ಸವರುತ್ತಾರೆ, ಅಷ್ಟೇ.

ಮತ್ತೆ ಚಾಕುವಿಗೆ ಬರೋಣ. ಹವ್ಯಾಸಿಗಳನ್ನು ತುಂಬ ಗೊಂದಲಕ್ಕೆ ಕೆಡಹುವ ಇನ್ನೊಂದು ಫಲಿತಾಂಶವಿದೆ. ಯಾವ ಪದರವೂ ಇಲ್ಲದ ಒಂದೇ ಉಕ್ಕಿನ ಪಟ್ಟಿ, ಉದಾಹರಣೆಗೆ ಬೇರಿಂಗಿಗೆ ಬಳಸುವ ಇಎನ್31 ಉಕ್ಕು, ಅದರಿಂದ ಮಾಡಿದ ಅಲಗು. ಎಚಿಂಗ್ ಮಾಡಿದರೆ ಮರದ ನಾರಿನ ಹಾಗೆ ಉದ್ದುದ್ದಕ್ಕೆ ಗೆರೆಗಳು ಏಳುತ್ತವೆ. ಬೇರೆ ಉಕ್ಕು ಬೆರೆಸಿಲ್ಲ, ಮಡಚಿ ಬೆಸೆದಿಲ್ಲ, ಗೆರೆ ಎಲ್ಲಿಂದ ಬಂತು? ಕಾರ್ಖಾನೆಯಲ್ಲಿ ಕರಗಿದ ಉಕ್ಕು ಗಟ್ಟಿಯಾಗುವಾಗ ಮೊದಲು ಮರದ ರೆಂಬೆಗಳ ಆಕಾರದ ಹರಳುಗಳು ಬೆಳೆಯುತ್ತವೆ. ಕ್ರೋಮಿಯಂ, ಮ್ಯಾಂಗನೀಸ್, ವೆನಾಡಿಯಂನಂಥ ಧಾತುಗಳು ಆ ಹರಳುಗಳೊಳಗೆ ಸಲೀಸಾಗಿ ಸೇರದೆ, ರೆಂಬೆಗಳ ನಡುವೆ ಕೊನೆಗೆ ಗಟ್ಟಿಯಾಗುವ ದ್ರವದಲ್ಲಿ ಹೆಚ್ಚಾಗಿ ಉಳಿದುಬಿಡುತ್ತವೆ. ಆ ಉಕ್ಕನ್ನು ರೋಲರುಗಳ ನಡುವೆ ಎಳೆದು ಪಟ್ಟಿ ಮಾಡಿದಾಗ ಈ ಜಾಗಗಳೂ ಉದ್ದಕ್ಕೆ ಎಳೆದುಕೊಳ್ಳುತ್ತವೆ. ಆಮೇಲೆ ಕಾಯಿಸಿ ತಣಿಸುವಾಗ ಸಿಮೆಂಟೈಟ್ ಕಣಗಳು ಆ ಧಾತುಗಳು ಹೆಚ್ಚಿರುವ ಗೆರೆಗಳನ್ನೇ ಹುಡುಕಿಕೊಂಡು ಸಾಲುಗಟ್ಟುತ್ತವೆ. ಅಲಗಿನಲ್ಲಿ ಕಂಡ ಗೆರೆ ಅದೇ. ಹಲವರು ಅದನ್ನು ದೋಷ ಎಂದು ಬಗೆದು ಮತ್ತೆ ಹೆಚ್ಚಿನ ಬಿಸಿಯಲ್ಲಿ ಕಾಯಿಸಿ ಅಳಿಸುತ್ತಾರೆ. ಒಂದು ಕ್ಷಣ ನಿಂತು ನೋಡಿದರೆ ಗೊತ್ತಾಗುತ್ತದೆ: ಜಗತ್ತಿನ ಅತಿ ಪ್ರಸಿದ್ಧ ಅಲಗುಗಳ ಚೆಲುವಿಗೂ ಇದಕ್ಕೂ ಕಾರಣ ಒಂದೇ.

ಆ ಪ್ರಸಿದ್ಧ ಅಲಗುಗಳು ಹಳೆಯ ಡಮಾಸ್ಕಸ್ ಕತ್ತಿಗಳು. ಅವುಗಳ ಉಕ್ಕು ಹೋಗುತ್ತಿದ್ದದ್ದು ದಕ್ಷಿಣ ಭಾರತದಿಂದ. ಇಂದಿನ ಕರ್ನಾಟಕ, ತೆಲಂಗಾಣ, ತಮಿಳುನಾಡುಗಳ ಹಳ್ಳಿಗಳಲ್ಲಿ ಸಣ್ಣ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣ, ಕಟ್ಟಿಗೆ, ಎಲೆ ಹಾಕಿ ಬಾಯಿ ಮುಚ್ಚಿ ಕರಗಿಸಿ ತೆಗೆದ ಉಕ್ಕಿನ ಗಟ್ಟಿಗಳು. ಯುರೋಪಿನವರು ಇದನ್ನು ವೂಟ್ಜ್ ಎಂದು ಕರೆದರು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡುತ್ತಿದ್ದ ರೀತಿಯನ್ನು ತಮ್ಮ ಪ್ರವಾಸ ಕಥನದಲ್ಲಿ ಬರೆದಿಟ್ಟಿದ್ದಾರೆ. ಈ ಉಕ್ಕಿನಲ್ಲಿ ಇಂಗಾಲ ಸುಮಾರು ಒಂದೂವರೆ ಶೇಕಡಾ. ಇಂದಿನ ಸಾಮಾನ್ಯ ಚಾಕುವಿನ ಉಕ್ಕಿಗಿಂತ ಎಷ್ಟೋ ಹೆಚ್ಚು. ಬಡಿದು ಕತ್ತಿ ಮಾಡಿ, ಕಬ್ಬಿಣದ ಸಲ್ಫೇಟ್ ಇರುವ ಖನಿಜದ ನೀರನ್ನು ಸವರಿದರೆ, ಕಪ್ಪು ನೆಲದ ಮೇಲೆ ಬಿಳಿ ಅಲೆಗಳು ಎದ್ದ ಹಾಗೆ ವಿನ್ಯಾಸ ಕಾಣುತ್ತಿತ್ತು. ಹಸಿರು ಬಣ್ಣದ ಆ ಸಲ್ಫೇಟನ್ನು ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಅನ್ನಭೇದಿ ಎನ್ನುತ್ತಾರೆ.

ಈ ವಿನ್ಯಾಸದ ಗುಟ್ಟು ಬಿಡಿಸಲು ಹೊರಟವರಲ್ಲಿ ಮೈಕೆಲ್ ಫ್ಯಾರಡೆ ಒಬ್ಬರು. ಕಮ್ಮಾರನ ಮಗ. 1819ರಲ್ಲಿ ವೂಟ್ಜ್ ಉಕ್ಕನ್ನು ವಿಶ್ಲೇಷಿಸಿ, ಅದರಲ್ಲಿ ಸಿಕ್ಕಿದ ಅಲ್ಪಸ್ವಲ್ಪ ಅಲ್ಯುಮಿನಿಯಂ, ಸಿಲಿಕಾನ್ ಅಂಶವೇ ಅದರ ಗುಣಕ್ಕೆ ಕಾರಣವಿರಬೇಕು ಎಂದು ಅವರು ಬಗೆದರು. ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಮುಂತಾದವನ್ನು ಬೆರೆಸಿ ನೋಡಿದರು. ಅದು ತಪ್ಪು ದಾರಿ. ಆದರೆ ಮಿಶ್ರಲೋಹದ ಉಕ್ಕುಗಳ ಕ್ರಮಬದ್ಧ ಸಂಶೋಧನೆ ಶುರುವಾದದ್ದು ಆ ತಪ್ಪು ದಾರಿಯಲ್ಲೇ. ಅದಾದ ಕೆಲವೇ ವರ್ಷಗಳಲ್ಲಿ ಪ್ಯಾರಿಸ್ಸಿನ ಬ್ರೆಯಾಂ ವಿನ್ಯಾಸಕ್ಕೆ ಹೆಚ್ಚಿನ ಇಂಗಾಲವೇ ಕಾರಣ ಎಂದು ಸರಿಯಾಗಿ ಗುರುತಿಸಿದರು.

ಆದರೂ ಒಂದು ಕಗ್ಗಂಟು ಉಳಿಯಿತು. ಅಷ್ಟೇ ಇಂಗಾಲ ಹಾಕಿ ಉಕ್ಕು ಮಾಡಿ ಬಡಿದರೂ ಹಲವು ಸಲ ವಿನ್ಯಾಸ ಬರುತ್ತಿರಲಿಲ್ಲ. ಇದನ್ನು ಬಿಡಿಸಿದವರು ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹಶಾಸ್ತ್ರಜ್ಞ ಜಾನ್ ವರ್ಹೋವೆನ್ ಮತ್ತು ಫ್ಲಾರಿಡಾದ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ. ಪ್ರೊಫೆಸರರೊಬ್ಬರು, ಕುದುರೆಗೆ ಲಾಳ ಕಟ್ಟುತ್ತಿದ್ದ ಕಮ್ಮಾರರೊಬ್ಬರು ಸೇರಿ ವರ್ಷಗಟ್ಟಲೆ ಗಟ್ಟಿಗಳನ್ನು ಕರಗಿಸಿ, ಬಡಿದು, ಎಚಿಂಗ್ ಮಾಡಿ ನೋಡಿದರು. ಕೆಲವು ಗಟ್ಟಿಗಳಲ್ಲಿ ಮಾತ್ರ ವಿನ್ಯಾಸ ಚೆನ್ನಾಗಿ ಎದ್ದಿತು. 1998ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಪ್ರಕಾರ ವ್ಯತ್ಯಾಸಕ್ಕೆ ಕಾರಣ ಶೇಕಡಾ 0.01ಕ್ಕೂ ಕಡಿಮೆ ಇದ್ದರೂ ಸಾಕಾಗುವ ವೆನಾಡಿಯಂನಂಥ ಧಾತುಗಳು. ಬೇರಿಂಗ್ ಉಕ್ಕಿನಲ್ಲಿ ನೋಡಿದಂತೆಯೇ, ಆ ಧಾತುಗಳು ಹರಳುಗಳ ನಡುವಿನ ಜಾಗಗಳಲ್ಲಿ ಉಳಿದು, ಮತ್ತೆ ಮತ್ತೆ ಕಾಯಿಸಿ ಬಡಿಯುವಾಗ ಸಿಮೆಂಟೈಟ್ ಕಣಗಳನ್ನು ಸಾಲಾಗಿ ಕೂರಿಸುತ್ತವೆ. ಒಮ್ಮೆಗೇ ಆಗುವ ಕೆಲಸವಲ್ಲ, ಪ್ರತಿ ಕಾಯಿಸುವಿಕೆಯಲ್ಲೂ ಸಾಲು ಸ್ವಲ್ಪ ಸ್ವಲ್ಪ ಸ್ಪಷ್ಟವಾಗುತ್ತದೆ. ಯಾವ ಗಣಿಯ ಅದಿರಿನಲ್ಲಿ ವೆನಾಡಿಯಂ ಇತ್ತೋ ಆ ಅದಿರು ಮುಗಿದಾಗ ವಿನ್ಯಾಸವೂ ನಿಂತುಹೋಗಿರಬೇಕು ಎಂಬುದು ಅವರ ಊಹೆ. ಕಮ್ಮಾರ ಅವನೇ, ಕೈಯ ಕಸುಬೂ ಅದೇ, ಆದರೆ ಅಲಗು ಆಮ್ಲದಿಂದ ಬರಿದಾಗಿ ಮೇಲೆದ್ದಿತು ಎಂದರೆ ಆತನಿಗೆ ಹೇಗನಿಸಿರಬೇಡ! ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಈ ಉಕ್ಕಿನ ಬಗ್ಗೆ 2004ರಲ್ಲಿ ಒಂದು ಪುಸ್ತಕವನ್ನೇ ತಂದಿದ್ದಾರೆ. ನಮ್ಮ ನೆಲದ ಮೂಸೆಗಳ ಚರಿತ್ರೆಯಲ್ಲಿ ಆಸಕ್ತಿ ಇರುವವರು ಹುಡುಕಿ ಓದಬೇಕಾದದ್ದು.

ಇನ್ನೂ ಆಶ್ಚರ್ಯದ ಸಂಗತಿ 2006ರದ್ದು. ಜರ್ಮನಿಯ ಡ್ರೆಸ್ಡನ್‌ನಲ್ಲಿ ಪೀಟರ್ ಪೌಫ್ಲರ್ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡಿನ ಬರ್ನ್ ಚರಿತ್ರೆ ಮ್ಯೂಸಿಯಮ್ಮಿಗೆ ಸೇರಿದ, ಅಸದ್ ಉಲ್ಲಾ ಎಂಬ ಹೆಸರಾಂತ ಕುಶಲಕರ್ಮಿ 17ನೇ ಶತಮಾನದಲ್ಲಿ ಮಾಡಿದ ಡಮಾಸ್ಕಸ್ ಕತ್ತಿಯ ತುಣುಕನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದರು. ಉಳಿದದ್ದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಂಗಾಲದ ನ್ಯಾನೊನಳಿಕೆಗಳು! ಕೆಲವು ನಳಿಕೆಗಳೊಳಗೆ ಸಿಮೆಂಟೈಟ್ ತಂತಿಗಳು. ಹೊರಗಿನ ಇಂಗಾಲದ ಕವಚ ಒಳಗಿನ ಸಿಮೆಂಟೈಟನ್ನು ಆಮ್ಲದಿಂದ ಕಾಪಾಡಿತ್ತು. ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ನಮ್ಮ ಹಿರಿಯರಿಗೆ ನ್ಯಾನೊ ತಂತ್ರಜ್ಞಾನ ಗೊತ್ತಿತ್ತು ಎಂಬ ಉತ್ಸಾಹದ ಮಾತುಗಳು ಹರಿದಾಡಿದವು. ನಳಿಕೆ ಸಿಕ್ಕಿದ್ದು ನಿಜ. ಆದರೆ ಕತ್ತಿಯ ಗಟ್ಟಿತನಕ್ಕೆ ಅದೇ ಕಾರಣ ಎನ್ನುವುದಕ್ಕೆ ಆ ಪ್ರಯೋಗ ಪುರಾವೆ ಕೊಡುವುದಿಲ್ಲ. ಕಾಣದ್ದನ್ನು ಕೈಯಳತೆ ಕಣ್ಣಳತೆಯಲ್ಲೇ ಹದಕ್ಕೆ ತಂದ ಆ ಕಮ್ಮಾರರ ಹಿರಿಮೆಗೆ ಉತ್ಪ್ರೇಕ್ಷೆಯ ಆಸರೆ ಬೇಕಿಲ್ಲ.

ಇಂದು ‘ಡಮಾಸ್ಕಸ್’ ಹೆಸರಲ್ಲಿ ಮಾರುವ ಚಾಕುಗಳು ಬಹುತೇಕ ಬೇರೆಯೇ ಜಾತಿಯವು. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಕಾಯಿಸಿ ಬೆಸೆದು, ಮಡಚಿ ಮತ್ತೆ ಬೆಸೆದು ಪದರಗಳನ್ನು ಹೆಚ್ಚಿಸಿದವು. ಅಮೆರಿಕದ ವಿಲಿಯಂ ಮೊರಾನ್ 1973ರಲ್ಲಿ ಇಂಥ ಚಾಕುಗಳನ್ನು ಪ್ರದರ್ಶಿಸಿದ ಮೇಲೆ ಈ ಕಸುಬು ಹವ್ಯಾಸಿಗಳ ನಡುವೆ ಹಬ್ಬಿತು. ಇಲ್ಲಿ ಎದುರಾಗುವ ನಿರಾಸೆ ಒಂದಿದೆ. ಹೆಚ್ಚು ಇಂಗಾಲದ ಉಕ್ಕು, ಕಡಿಮೆ ಇಂಗಾಲದ ಮೆತ್ತನೆಯ ಕಬ್ಬಿಣ, ಎರಡನ್ನೂ ಬೆಸೆದರೆ ಕಪ್ಪು ಬಿಳುಪು ಎದ್ದು ಕಾಣುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನೂರಾರು ಪದರ ಬರುವಷ್ಟು ಶ್ರಮಪಟ್ಟು ಆಮ್ಲದಲ್ಲಿ ಮುಳುಗಿಸಿದರೆ ಸಿಗುವುದು ಮಾಸಲು ಬೂದು. ಕಾರಣ, ಬೆಸುಗೆಯ ಬಿಸಿಯಲ್ಲಿ, ಅಂದರೆ 1100–1200 ಡಿಗ್ರಿಯಲ್ಲಿ, ಇಂಗಾಲದ ಪುಟ್ಟ ಪರಮಾಣುಗಳು ಕಬ್ಬಿಣದ ಹರಳುಗಳ ಸಂದಿಗಳಲ್ಲಿ ನುಸುಳಿಕೊಂಡು ಓಡಾಡುತ್ತವೆ. ಕೆಲವೇ ನಿಮಿಷದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದೂರ ಹೋಗಿಬಿಡುತ್ತವೆ. ಪದರಗಳು ಅದಕ್ಕಿಂತ ತೆಳುವಾದ ಮೇಲೆ ಎಲ್ಲ ಪದರಗಳಲ್ಲೂ ಇಂಗಾಲ ಒಂದೇ ಸಮ. ನಿಕಲ್, ಮ್ಯಾಂಗನೀಸ್ ಹಾಗಲ್ಲ. ಅವು ಕಬ್ಬಿಣದ ಪರಮಾಣುಗಳ ಜಾಗದಲ್ಲೇ ಕೂತಿರುವುದರಿಂದ ಇಂಗಾಲಕ್ಕಿಂತ ಸಾವಿರಾರು ಪಟ್ಟು ನಿಧಾನ. ಅದಕ್ಕೇ ಅನುಭವಸ್ಥರು ಮ್ಯಾಂಗನೀಸ್ ಇರುವ 1084 ಉಕ್ಕನ್ನೂ ಸುಮಾರು ಶೇಕಡಾ ಎರಡು ನಿಕಲ್ ಇರುವ 15ಎನ್20 ಉಕ್ಕನ್ನೂ ಜೋಡಿ ಮಾಡುತ್ತಾರೆ. ಮೊದಲನೆಯದು ಕಪ್ಪಾಗುತ್ತದೆ, ಎರಡನೆಯದು ಬೆಳ್ಳಗೆ ಉಳಿಯುತ್ತದೆ. ಅದೂ ಹದ ಹಾಕಿದ ಮೇಲೆ ಎಚಿಂಗ್ ಮಾಡಿದರೆ. ಹದ ಹಾಕುವ ಮೊದಲೇ ಮುಳುಗಿಸಿದರೆ ಅದೇ ಜೋಡಿ ಸಪ್ಪೆಯಾಗಿ ಕಾಣುತ್ತದೆ.

ಬೆಸುಗೆಯ ಗೆರೆಗಳ ಉದ್ದಕ್ಕೂ ಕೂದಲೆಳೆಯಷ್ಟು ಬಿಳಿ ಗೆರೆ ಕಂಡರೆ ಅಲ್ಲಿ ಪಟ್ಟಿಗಳ ಮೈಯಿಂದ ಇಂಗಾಲ ಕುಲುಮೆಯ ಗಾಳಿಗೆ ಸುಟ್ಟುಹೋಗಿರಬಹುದು. ಅಲಗಿನ ಮೇಲೆ ಅಲ್ಲಲ್ಲಿ ತೇಪೆ ಹಾಕಿದಂತೆ ಬಣ್ಣ ಹಿಡಿಯದೆ ಉಳಿದರೂ ಕಾರಣ ಅದೇ, ಇಂಗಾಲ ಕಳೆದುಕೊಂಡ ಮೇಲ್ಪದರ ಪೂರ್ತಿ ಸವೆದಿಲ್ಲ. ಬೆರಳಚ್ಚಿನ ಆಕಾರದ ಕಲೆ ಬಂದರೆ ಮಾತ್ರ ಲೋಹದ್ದೇನೂ ತಪ್ಪಿಲ್ಲ, ಎಣ್ಣೆ ಕೈಯಲ್ಲಿ ಮುಟ್ಟಿದ್ದೀರಿ, ಅಸಿಟೋನಿನಲ್ಲಿ ಒರೆಸಿ.

ಅಲಗು ತಾಮ್ರದ ಬಣ್ಣಕ್ಕೆ ತಿರುಗಿ ಮೇಲೇಳುವುದೂ ಉಂಟು. ಫೆರಿಕ್ ಕ್ಲೋರೈಡ್ ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಸರ್ಕ್ಯೂಟ್ ಬೋರ್ಡಿನ ತಾಮ್ರ ಕರಗಿಸಲು. ಒಮ್ಮೆ ಬೋರ್ಡಿಗೆ ಬಳಸಿದ ದ್ರಾವಣದ ತುಂಬ ಕರಗಿದ ತಾಮ್ರ ಇರುತ್ತದೆ. ಅದರಲ್ಲಿ ಉಕ್ಕು ಇಳಿಸಿದರೆ ಕಬ್ಬಿಣ ಕರಗುತ್ತದೆ, ಅದರ ಜಾಗಕ್ಕೆ ತಾಮ್ರ ಬಂದು ಕೂರುತ್ತದೆ. ಹಿತ್ತಾಳೆಯ ಪಟ್ಟಿಯನ್ನೋ ಮೊಳೆಯನ್ನೋ ಮೊದಲೇ ಕೂರಿಸಿದ ಚಾಕುವನ್ನು ಹೊಸ ದ್ರಾವಣದಲ್ಲಿ ಮುಳುಗಿಸಿದರೂ ಹೀಗಾಗಬಹುದು. ಹಿತ್ತಾಳೆಯಿಂದ ಕರಗಿದ ತಾಮ್ರ ಪಕ್ಕದ ಉಕ್ಕಿಗೆ ಮೆತ್ತಿಕೊಳ್ಳುತ್ತದೆ. ಹಿಡಿ ಹಾಕುವ ಮೊದಲೇ ಎಚಿಂಗ್ ಮುಗಿಸಬೇಕು ಎನ್ನುವುದು ಇದಕ್ಕೇ.

ದ್ರಾವಣ ಗಟ್ಟಿಯಿದ್ದಷ್ಟೂ ಕೆಲಸ ಚುರುಕು ಎಂದುಕೊಂಡವರಿಗೂ ಒಂದು ಅಚ್ಚರಿ ಕಾದಿರುತ್ತದೆ. ಅಂಗಡಿಯಿಂದ ತಂದ ದಟ್ಟ ದ್ರಾವಣದಲ್ಲಿ ನೇರವಾಗಿ ಮುಳುಗಿಸಿದರೆ ಬಣ್ಣ ಮಂಕು, ಕೊರೆತ ಅಡ್ಡಾದಿಡ್ಡಿ. ಒಂದು ಪಾಲಿಗೆ ಮೂರು ನಾಲ್ಕು ಪಾಲು ನೀರು ಬೆರೆಸಿದರೆ ವಿನ್ಯಾಸ ಚೊಕ್ಕವಾಗಿ ಏಳುತ್ತದೆ. ದಟ್ಟ ದ್ರಾವಣದಲ್ಲಿ ಅಯಾನುಗಳ ಓಡಾಟ ನಿಧಾನ. ಕರಗಿ ಬಂದದ್ದು ಅಲಗಿನ ಮೈಗೇ ಅಂಟಿಕೊಂಡು ಹೊಸ ದ್ರಾವಣಕ್ಕೆ ಅಡ್ಡ ನಿಲ್ಲುತ್ತದೆ. ಸ್ಟೇನ್‌ಲೆಸ್ ಉಕ್ಕಿನ ಅಲಗು ತಂದು ಮುಳುಗಿಸಿದರೆ ಬಣ್ಣದ ಬದಲು ಸೂಜಿಮೊನೆಯಂಥ ತೂತುಗಳು ಬರಬಹುದು. ಕ್ರೋಮಿಯಂ ಆಕ್ಸೈಡಿನ ಪೊರೆ ಒಡೆದ ಜಾಗದಲ್ಲಿ ಮಾತ್ರ ಕ್ಲೋರೈಡ್ ಒಳಗೆ ಕೊರೆಯುತ್ತಾ ಹೋಗುತ್ತದೆ. ಸ್ಟೇನ್‌ಲೆಸ್ ಉಕ್ಕು ಇಂಥ ತೂತು ಬೀಳುವುದನ್ನು ಎಷ್ಟು ತಡೆದುಕೊಳ್ಳುತ್ತದೆ ಎಂದು ಅಳೆಯುವ ಪರೀಕ್ಷೆಯಲ್ಲಿ ಬಳಸುವುದೇ ಶೇಕಡಾ 6ರ ಫೆರಿಕ್ ಕ್ಲೋರೈಡ್.

ಎಲ್ಲಕ್ಕಿಂತ ಅಪಾಯದ್ದು ಸದ್ದಿಲ್ಲದೆ ಬರುವ ಬಿರುಕು. ಬೇಗ ಆಗಲಿ ಎಂದು ಕೆಲವರು ಫೆರಿಕ್ ಕ್ಲೋರೈಡ್ ಬಿಟ್ಟು ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕೈಹಾಕುತ್ತಾರೆ. ಅದರಲ್ಲಿ ಕಬ್ಬಿಣ ಕರಗುವಾಗ ಜಲಜನಕ ಹುಟ್ಟುತ್ತದೆ. ಸ್ವಲ್ಪ ಭಾಗ ಗುಳ್ಳೆಯಾಗಿ ಹೋಗದೆ ಪರಮಾಣುಗಳಾಗಿ ಉಕ್ಕಿನೊಳಗೆ ಇಳಿಯುತ್ತದೆ. ಹದ ಹಾಕುವಾಗಿನ ಬಿಗಿತ ಇನ್ನೂ ಒಳಗೇ ಇರುವ ಗಟ್ಟಿ ಅಲಗು ಆಗ ತಾನಾಗಿ ಸೀಳಬಹುದು, ಕೆಲವೊಮ್ಮೆ ಆಮ್ಲದಿಂದ ತೆಗೆದಿಟ್ಟು ಗಂಟೆಗಳು ಕಳೆದ ಮೇಲೆ. ಫೆರಿಕ್ ಕ್ಲೋರೈಡಿನಲ್ಲಿ ಎಲೆಕ್ಟ್ರಾನು ಕಿತ್ತುಕೊಳ್ಳುವ ಕೆಲಸವನ್ನು ಹೆಚ್ಚಾಗಿ ಫೆರಿಕ್ ಅಯಾನುಗಳೇ ಮಾಡುವುದರಿಂದ ಜಲಜನಕ ಕಡಿಮೆ. ಹಾಗಂತ ಅದೇನೂ ನಿರಪಾಯವಲ್ಲ. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಬೇಕೇ ಬೇಕು. ಕೆಲಸ ಮುಗಿದ ಮೇಲೆ ಅಲಗನ್ನು ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದದಿದ್ದರೆ ಸಂದುಗೊಂದುಗಳಲ್ಲಿ ಉಳಿದ ಕ್ಲೋರೈಡಿನಿಂದ ಮರುದಿನ ಬೆಳಗಾಗುವಷ್ಟರಲ್ಲಿ ಹಳದಿ ತುಕ್ಕು.

ಆಮ್ಲವೆಂದರೆ ಬಾಟಲಿಯದ್ದೇ ಆಗಬೇಕೆಂದಿಲ್ಲ. ಹೊರದೇಶದ ಚಾಕು ತಯಾರಕರು ಈಗ ಇನ್‌ಸ್ಟಂಟ್ ಕಾಫಿಯ ಕಡು ಡಿಕಾಕ್ಷನ್ನಿನಲ್ಲಿ ಅಲಗನ್ನು ಗಂಟೆಗಟ್ಟಲೆ ನೆನೆಸಿ ಕಪ್ಪು ಪದರಗಳನ್ನು ಇನ್ನಷ್ಟು ಕಪ್ಪಾಗಿಸುತ್ತಾರೆ. ಕಾಫಿಯ ಪಾಲಿಫಿನಾಲುಗಳು ಕಬ್ಬಿಣದ ಜೊತೆ ಸೇರಿ ಕರಿ ಸಂಯುಕ್ತವಾಗುತ್ತವೆ. ನಮ್ಮ ಮನೆಗಳಲ್ಲಿ ಈಳಿಗೆಮಣೆಯಲ್ಲಿ ಬಾಳೆಕಾಯಿ, ಬಾಳೆಹೂವು ಹೆಚ್ಚುವಾಗ ಅಲಗೂ ಬೆರಳೂ ಕಪ್ಪಾಗುವುದು ಇದೇ ಬಗೆಯ ಕ್ರಿಯೆಯಿಂದ. ಅಣಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಮಸಿ ಮಾಡುತ್ತಿದ್ದವರೂ ಇದನ್ನೇ ನೆಚ್ಚಿಕೊಂಡಿದ್ದರು. ಹಳೆಯ ಈಳಿಗೆಯೊಂದನ್ನು ಚೆನ್ನಾಗಿ ಬೆಳಕಿಗೆ ಹಿಡಿದು ನೋಡಿ. ಬಾಯಿಯ ಹತ್ತಿರ ಒಂದು ಛಾಯೆ, ಬೆನ್ನಿನ ಕಡೆ ಇನ್ನೊಂದು ಛಾಯೆ ಕಂಡರೆ, ಆ ಕಮ್ಮಾರ ಬಾಯಿಗೆ ಮಾತ್ರ ಹದ ಹಾಕಿ ಬೆನ್ನನ್ನು ಮೆತ್ತಗೆ ಉಳಿಸಿರಬಹುದು ಎನ್ನುವುದಕ್ಕೆ ಅದೊಂದು ಸುಳಿವು.

ಮನೆತನದ ಹಳೆಯ ಕತ್ತಿಗಳ ವಿಷಯದಲ್ಲಿ ಮಾತ್ರ ನನ್ನದೊಂದು ಕಳಕಳಿಯ ಕೋರಿಕೆ. ಆಯುಧಪೂಜೆಗೋ ಕೊಡಗಿನ ಕೈಲ್‌ಪೊಳ್ದಿಗೋ ಹೊರತೆಗೆಯುವ ಕತ್ತಿಯೊಂದು ವೂಟ್ಜ್ ಉಕ್ಕಿನದ್ದಿರಬಹುದೇ ಎಂಬ ಕುತೂಹಲ ಸಹಜ. ಹೆಚ್ಚಿನವು ಸಾಮಾನ್ಯ ಉಕ್ಕಿನವೇ ಇರುತ್ತವೆ. ಆದರೂ ಫೆರಿಕ್ ಕ್ಲೋರೈಡ್ ತಂದು ಇಡೀ ಅಲಗನ್ನು ಮುಳುಗಿಸಬೇಡಿ. ಪ್ರತಿ ಸಲವೂ ಆಮ್ಲ ಲೋಹ ತಿನ್ನುತ್ತದೆ. ಅದಕ್ಕೂ ಮೊದಲು ಉಪ್ಪುಕಾಗದದಲ್ಲಿ ತಿಕ್ಕುವುದು ಇನ್ನೂ ಹೆಚ್ಚು ತಿನ್ನುತ್ತದೆ, ಕೆತ್ತನೆಯೋ ಚಿನ್ನದ ಗೆರೆಯೋ ಇದ್ದರೆ ಅದೂ ಹೋಗುತ್ತದೆ. ಕ್ಲೋರೈಡ್ ಒಮ್ಮೆ ಹಳೆಯ ಕಬ್ಬಿಣದ ಸೀಳುಗಳಿಗೆ ಇಳಿದರೆ ಅದನ್ನು ಹೊರತೆಗೆಯಲು ಮ್ಯೂಸಿಯಮ್ಮಿನ ತಜ್ಞರೇ ಹೆಣಗಾಡುತ್ತಾರೆ. ಕತ್ತಿಯನ್ನು ಸಂರಕ್ಷಣಾ ತಜ್ಞರಿಗೆ ತೋರಿಸಿದರೆ ಸಾಕು. ಹಿಡಿಯ ಹತ್ತಿರ, ಯಾರ ಕಣ್ಣಿಗೂ ಬೀಳದ ಕಡೆ ಬೇಳೆಕಾಳಿನಷ್ಟು ಜಾಗವನ್ನು ಒರೆಸಿ, ಹತ್ತಿಯಲ್ಲಿ ಅದ್ದಿದ ನೈಟಾಲನ್ನು ಕೆಲವೇ ಸೆಕೆಂಡು ಮುಟ್ಟಿಸಿ, ಮದ್ಯಸಾರದಲ್ಲಿ ತೊಳೆದು ಮಸೂರ ಹಿಡಿದು ನೋಡುತ್ತಾರೆ. ಬಿಳಿ ಕಣಗಳು ಸಾಲುಗಟ್ಟಿದ್ದರೆ ಅಷ್ಟು ಜಾಗದಲ್ಲೇ ತಿಳಿಯುತ್ತದೆ. ಇಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ, ತೆಳುವಾಗಿ ಎಣ್ಣೆ ಸವರಿ ಕತ್ತಿಯನ್ನು ವಾಪಸು ಕೊಡುತ್ತಾರೆ.